ಉಂಡೆ ಕಟ್ಟಿದ್ದು ವಸ್ತ್ರ, ಬೈಗಳು ತಿಂದದ್ದು ಸೊಸೆ

ನಮ್ಮ ಮನೆಗಳಲ್ಲಿ ಒಂದು ಕ್ರಮ ಇದ್ದು. ವಸ್ತ್ರ ಹಾಳಾತು ಹೇಳಿರೆ ಒಗದೋರು ಆರು ಹೇಳಿ ಶುರುವಿಂಗೆ ಕೇಳುದು. ನೂಲು ಎಂತರದ್ದು ಹೇಳಿ ಆರೂ ಕೇಳ್ತವಿಲ್ಲೆ. ಆನುದೇ ಹಾಂಗೇ ಮಾಡಿದ್ದೆ, ಅದಕ್ಕೇ ಇದರ ಬರವಲೆ ಕೂದ್ದು.

ಆಟಿಗೆ ಮದಲು ಬಿ.ಸಿ.ರೋಡಿನ ಒಂದು ಅಂಗಡಿಂದ ಚೂಡಿದಾರದ ಟಾಪು ತಂದೆ. ನೀಲಿ ಬಣ್ಣ, ಮುಟ್ಟಿರೆ ಮೆತ್ತಂಗೆ. "ಪ್ಯೂರ್ ಕಾಟನ್ ಅಕ್ಕಾ, ಕಣ್ಣು ಮುಚ್ಚಿ ತಗೊಳ್ಳಿ" ಹೇಳಿದ ಅಂಗಡಿಯವ. ಆನು ಕಣ್ಣು ಮುಚ್ಚಿಯೇ ತೆಕ್ಕೊಂಡೆ! ನಾಕು ಸರ್ತಿ ಹಾಕಿ ಒಗದಪ್ಪಗ ಸಾಸಮೆಯಷ್ಟು ಸಣ್ಣ ಸಣ್ಣ ಉಂಡೆಗೊ. ಸೊಸೆಯ ದಿನಿಗೇಳಿ, "ಮಿಶನಿಂಗೆ ಎಲ್ಲವನ್ನೂ ಒಟ್ಟಿಂಗೆ ತುಂಬುಸುದೆಂತಕೆ? ಎನ್ನ ಹೊಸ ಟಾಪು ಹೋತು" ಹೇಳಿ ಜೋರು ಮಾಡಿದೆ. ಮದುವೆ ಆಗಿ ವರ್ಷ ಆಯಿದಿಲ್ಲೆ ಅದಕ್ಕೆ. ಒಂದು ಮಾತುದೇ ತಿರುಗಿ ಹೇಳಿದ್ದಿಲ್ಲೆ. ಮರದಿನ ನೋಡಿರೆ ಆ ಟಾಪಿನ ಮಾತ್ರ ಬೇರೆ ಬಾಲ್ದಿಲಿ ಹಾಕಿ ಕೈಲಿ ಒಗಕ್ಕೊಂಡಿತ್ತು. ಎನಗೆ ರಜ ಚುರುಕ್ಕ್ ಆತು. ಆದರೂ ಸುಮ್ಮನೆ ಒಳ ಬಂದೆ.

ಬೆಳ್ತಂಗಡಿಂದ ತಂಗೆ ಬಂದಿಪ್ಪಗ ಅದೇ ಟಾಪು ಹಾಕಿಂಡು ಕೂದಿತ್ತಿದ್ದೆ. ಎನ್ನ ದೂರಿನ ಪೂರ ಕೇಳಿಕ್ಕಿ ಅದು ಹೇಳಿತ್ತು: "ಅಕ್ಕ, ಒಗದ್ದರಿಂದ ಆದ್ದಾದರೆ ಎಲ್ಲಾ ದಿಕ್ಕೆಯೂ ಒಂದೇ ನಮೂನೆ ಆಯೆಕ್ಕಾತನ್ನೇ? ನಿನ್ನ ಬೆನ್ನಿಲಿ ಒಂದೂ ಇಲ್ಲೆನ್ನೆ!"

ಅಪ್ಪನ್ನೆ! ಉಂಡೆ ಇದ್ದದು ಕಂಕುಳ ಅಡಿಲಿ, ಕೂಪಗ ಉದ್ದುವಲ್ಲಿ, ಮತ್ತೆ ಎಡದ ಹೊಡೆಲಿ. ಮೂಡಬಿದ್ರೆಗೆ ಮಗಳ ಮನೆಗೆ ಹೋಪಗ ಬಸ್ಸಿಲಿ ಬೇಗಿನ ಎಡದ ಸೊಂಟಕ್ಕೆ ಒತ್ತಿ ಹಿಡ್ಕೊಂಡು ನಿಂಬದು ಆನು, ಸೊಸೆ ಅಲ್ಲ.

ದೇವರ ದೀಪಕ್ಕೆ ನೆಣೆ ಮಾಡುವಗ ನೋಡಿ. ಬಿಗಿ ತಿರ್ಪಿರೆ ಹತ್ತಿ ನಿಂಬದು, ಸಡಿಲ ಆದರೆ ಎಳೆ ಹೆರ ಬಪ್ಪದು. ನೂಲುದೇ ಹಾಂಗೇ. ಎಳೆ ಗಿಡ್ಡ ಇದ್ದರೆ, ತಿರ್ಪು ಸಡಿಲ ಇದ್ದರೆ, ಉದ್ದುವಗ ಕೊಡಿಗೊ ಹೆರ ಬಂದು ಒಂದಕ್ಕೊಂದು ಸುತ್ತಿ ಉಂಡೆ ಆವುತ್ತು. ಬರೇ ಹತ್ತಿ ಆದರೆ ಆ ಎಳೆ ತುಂಡಾಗಿ ಉಂಡೆ ಉದುರಿ ಹೋಕು. ಪಾಲಿಯೆಸ್ಟರು ಸೇರಿರೆ ಅದು ಗಟ್ಟಿ, ಉಂಡೆಯ ಬಿಡದ್ದೆ ಹಿಡ್ಕೊಂಡಿರ್ತು. ಮೆತ್ತಂಗೆ ಇದ್ದು ಹೇಳಿ ನಾವು ಆಸೆಲಿ ತೆಕ್ಕೊಂಬದು ಹೆಚ್ಚಾಗಿ ಈ ಸಡಿಲ ತಿರ್ಪಿನ ನೂಲನ್ನೇ.

ಮಾವನ ಹತ್ತಿ ಬೈರಾಸುಗಳ ಆನು ಎಷ್ಟೋ ವರ್ಷ ಒಗವ ಕಲ್ಲಿಂಗೆ ಬಡುದು ಬಡುದು ಒಗದ್ದೆ. ತೆಳು ಆತು, ಹರುದತ್ತು, ಕಡೆಂಗೆ ನೆಲ ಉದ್ದುವ ವಸ್ತ್ರ ಆತು. ಉಂಡೆ ಕಟ್ಟಿದ್ದರ ಕಂಡಿದಿಲ್ಲೆ. ಮೂಡಬಿದ್ರೆಂದ ಕಿನ್ನಿಗೋಳಿಗೆ ಹೋದರೆ ತಾಳಿಪಾಡಿ ನೇಕಾರರ ಸಂಘದವು ಈಗಳೂ ಕೈಮಗ್ಗದ ಉಡುಪಿ ಸೀರೆ ನೇಯುತ್ತವು. ಆ ಸೀರೆಗೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು. ಗಂಜಿ ಹಾಕಿದ ಹತ್ತಿ ನೂಲು ಅದು, ಒಂದರಿ ಕೈಲಿ ಮುಟ್ಟಿ ನೋಡಿ. ಪಾಲಿಯೆಸ್ಟರೇ ಬೇಡ ಹೇಳುವ ಹಠ ಎನಗಿಲ್ಲೆ. ನಮ್ಮ ಊರಿನ ಮಳೆಗಾಲಲ್ಲಿ ಬೇಗ ಒಣಗುದು ಅದೇ. ಪಾಲಿಯೆಸ್ಟರಿನ ಪಾಲಿಯೆಸ್ಟರು ಹೇಳಿಯೇ ಮಾರಲಿ.

ಟಾಪಿನ ಅಂಗಡಿಗೆ ತೆಕ್ಕೊಂಡು ಹೋದೆ. "ಬ್ರಶ್ ಹಾಕಿ ಒಗೆದಿದ್ದೀರಿ, ಅದಕ್ಕೇ" ಹೇಳಿದ, ತಲೆ ಎತ್ತಿ ನೋಡದ್ದೆ. ಆನು ಸೊಸೆಗೆ ಹೇಳಿದ್ದರನ್ನೇ ಅವ ಎನಗೆ ಹೇಳಿದ! ಮನೆಗೆ ಬಂದು ಟಾಪಿನ ಒಳ ಮಡಿಕೆಂದ ಎರಡು ನೂಲು ಎಳದು, ಇಕ್ಕುಳಿಲಿ ಹಿಡುದು, ದೀಪಕ್ಕೆ ತೋರ್ಸಿದೆ. (ಹೊಲಿಗೆಯ ನೂಲು ಅಲ್ಲ, ಅದು ಹೆಚ್ಚಾಗಿ ಪಾಲಿಯೆಸ್ಟರೇ. ವಸ್ತ್ರದ್ದೇ ನೂಲು ಆಯೆಕ್ಕು.) ಹತ್ತಿ ಆದರೆ ಕಾಗದ ಹೊತ್ತಿದ ವಾಸನೆ ಬಂದು ಮೆತ್ತನೆ ಬೂದಿ ಆವುತ್ತು. ಇದು ಮುದುಡಿ, ಕರಗಿ, ಗಟ್ಟಿ ಕರಿ ಮಣಿ ಆತು. ಪ್ಯೂರ್ ಕಾಟನ್ನಡ!

ಮಿಲ್ಲಿನವಕ್ಕೆ ಇದೆಲ್ಲ ಗೊಂತಿದ್ದು. ತಂಗೆಯ ಮಗ ತಿರುಪ್ಪೂರಿಲಿ ಬನಿಯನು ಮಾಡುವಲ್ಲಿ ಕೆಲಸಲ್ಲಿಪ್ಪದು, ಅವ ಹೇಳಿದ. ವಸ್ತ್ರವ ಉದ್ದಿ ಉದ್ದಿ ಪರೀಕ್ಷೆ ಮಾಡ್ಲೆ ಮಾರ್ಟಿಂಡೇಲ್ ಹೇಳ್ತ ಮಿಶನು ಇದ್ದಡ. ಮತ್ತೆ ಮಾರ್ಕು ಕೊಡುದು: 5 ಹೇಳಿರೆ ಉಂಡೆ ಇಲ್ಲೆ, 1 ಹೇಳಿರೆ ಮೈಯಿಡೀ ಉಂಡೆ. ಅಂಬಗ ಆ ಮಾರ್ಕಿನ ಚೀಟಿಲಿ ಎಂತಕೆ ಹಾಕುಲಾಗ? ರೇಟು ಹಾಕುತ್ತವು, ಸೈಜು ಹಾಕುತ್ತವು, "ಬೇರೆಯಾಗಿ ಒಗೆಯಿರಿ" ಹೇಳಿ ನವಗೆ ಬುದ್ಧಿ ಹೇಳ್ತವು. ನಮ್ಮ ಮಕ್ಕಳ ಮಾರ್ಕು ಊರಿಂಗಿಡೀ ಗೊಂತಾಯೆಕ್ಕು, ವಸ್ತ್ರದ ಮಾರ್ಕು ಮಾತ್ರ ಗುಟ್ಟು!

ಒಗವದು ಎಂತದೂ ಮಾಡ್ತಿಲ್ಲೆ ಹೇಳಿ ಅಲ್ಲ. ಜೀನ್ಸಿನೊಟ್ಟಿಂಗೆ ಮಿಶನಿಲಿ ತಿರುಗಿರೆ ಉದ್ದುದು ಹೆಚ್ಚು. ಒಳ ಹೆರ ಮಾಡಿ ಹಾಕಿರೆ ರಜ ಕಮ್ಮಿ. ಉಂಡೆಯ ಕೈಲಿ ಎಳೆಯೆಡಿ, ಇನ್ನಷ್ಟು ಎಳೆ ಹೆರ ಬಕ್ಕು. ಸಣ್ಣ ಕತ್ತರಿಲಿ ಕತ್ತರ್ಸಿ. ಆದರೆ ನಾಕೇ ಒಗತಕ್ಕೆ ಉಂಡೆ ಕಟ್ಟುವ ವಸ್ತ್ರಕ್ಕೆ ಒಗದೋರ ಬೈವದು ಯೇವ ನ್ಯಾಯ?

ಸೊಸೆಯ ಹತ್ತರೆ ತಪ್ಪಾತು ಹೇಳ್ಲೆ ಎನಗೆ ಮೂರು ದಿನ ಬೇಕಾತು. ಹೇಳಿದೆ. ಅದು ನೆಗೆ ಮಾಡಿಕ್ಕಿ, "ಆ ಮಣಿ ಎಲ್ಲಿದ್ದು ಅತ್ತೆ?" ಹೇಳಿ ಕೇಳಿತ್ತು. ಈಗ ಅದರ ಕಾಗದಲ್ಲಿ ಕಟ್ಟಿ ಬಿಲ್ಲಿನೊಟ್ಟಿಂಗೆ ಮಡಗಿದ್ದು. ಸೋಮವಾರ ಬಿ.ಸಿ.ರೋಡಿಂಗೆ ಎಂಗೊ ಇಬ್ರುದೇ ಹೋಪದು.