ಪಿಕಪ್‌ನ ಎತ್ತರ, ಗುಡ್ಡದ ಮಣ್ಣು

ಮಲೆನಾಡಿನ ಕೃಷಿಕ ಕುಟುಂಬವೊಂದು ಮೊದಲ ಬಾರಿಗೆ ಪಿಕಪ್ ವಾಹನ ಕೊಳ್ಳುವುದು ಸಣ್ಣ ಸಂಗತಿಯಲ್ಲ. ಸಹಕಾರ ಸಂಘದ ಸಾಲ, ಒಂದೆರಡು ವರ್ಷದ ಅಡಿಕೆಯ ಹುಟ್ಟುವಳಿ, ಕೆಲವೊಮ್ಮೆ ಮನೆಯ ಹೆಣ್ಣುಮಕ್ಕಳ ಒಡವೆ, ಇವೆಲ್ಲ ಸೇರಿದ ಮೇಲೆ ಅಂಗಳಕ್ಕೆ ಒಂದು ಗಾಡಿ ಬರುತ್ತದೆ. ಬಂದ ಮೇಲೆ ಅದು ಕೊಟ್ಟಿಗೆ ಗೊಬ್ಬರವನ್ನೂ ದರಕನ್ನೂ ಹೊರುತ್ತದೆ. ಅಡಿಕೆ ಗೊನೆ, ಕಾಳುಮೆಣಸಿನ ಚೀಲ, ಹಾಲಿನ ಕ್ಯಾನುಗಳನ್ನು ಪೇಟೆಗೆ ಮುಟ್ಟಿಸುತ್ತದೆ. ಬಸ್ಸು ಬಾರದ ಊರಿನಲ್ಲಿ ನಡುರಾತ್ರಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವುದೂ ಅದೇ. ಗುಡ್ಡಗಾಡಿನ ಬದುಕಿಗೆ ಪಿಕಪ್ ಅಗತ್ಯವೆಂಬುದರಲ್ಲಿ ಪರಿಸರವಾದಿಗಳಿಗೂ ಭಿನ್ನಾಭಿಪ್ರಾಯ ಇರಬೇಕಾಗಿಲ್ಲ.

ಪ್ರಶ್ನೆ ಹುಟ್ಟುವುದು ಗಾಡಿ ಬಂದ ಕೆಲವು ತಿಂಗಳ ನಂತರ. ಮನೆಯ ತರುಣನ ಕೈಯಲ್ಲಿ ಒಂದು ಪಟ್ಟಿ ಸಿದ್ಧವಾಗುತ್ತದೆ: ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್, ದೊಡ್ಡ ಹಲ್ಲಿನ ಅಗಲ ಟೈರು, ಮುಂದೆ ಕಬ್ಬಿಣದ ಬುಲ್ ಬಾರ್, ನೆತ್ತಿಯ ಮೇಲೆ ಸಾಲು ದೀಪ, ಹಳ್ಳ ದಾಟಲು ಸ್ನಾರ್ಕೆಲ್. ಕೆಲಸದ ಗಾಡಿಯನ್ನು ಆಫ್‌ರೋಡ್ ಗಾಡಿಯಾಗಿ ಪರಿವರ್ತಿಸುವ ಈ ಹಂಬಲವನ್ನು ಹಲವರು ಖಾಸಗಿ ಶೋಕಿ ಎಂದು ಬಿಟ್ಟುಬಿಡುತ್ತಾರೆ. ಆದರೆ ಗುಡ್ಡದಲ್ಲಿ ಚಕ್ರದ ಪರಿಣಾಮ ಮಾಲೀಕನ ಬೇಲಿಗೆ ನಿಲ್ಲುವುದಿಲ್ಲ. ಅದು ಕೆಳಗಿನ ಗದ್ದೆ, ಹಳ್ಳ ಹಾಗೂ ಕುಡಿಯುವ ನೀರಿನ ಅಬ್ಬಿಯವರೆಗೂ ಇಳಿಯುತ್ತದೆ. ಆದ್ದರಿಂದ ಇದು ಊರಿನ ವಿಷಯವೂ ಹೌದು.

ಗಾಡಿದಾರಿಯಿಂದ ಆಫ್‌ರೋಡಿನವರೆಗೆ

ಹಿಂದಿನ ಎತ್ತಿನ ಗಾಡಿಯ ದಾರಿ ಗುಡ್ಡದ ಮೈಯನ್ನು ಬಳಸಿಕೊಂಡು ಸಾಗುತ್ತಿತ್ತು. ನೇರ ಏರನ್ನು ಎತ್ತು ಒಪ್ಪುತ್ತಿರಲಿಲ್ಲ. ಮಳೆ ಹಿಡಿದ ಮೇಲೆ ಗಾಡಿ ಕೊಟ್ಟಿಗೆ ಸೇರುತ್ತಿತ್ತು. 1947ರಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭವಾದ ನಂತರ ಕಾಫಿ ತೋಟಗಳಿಗೂ ಬಳಿಕ ಅಡಿಕೆ ಸೀಮೆಗೂ ಜೀಪು ಕಾಲಿಟ್ಟಿತು. ಮಳೆಗಾಲದಲ್ಲಿ ಹಿಂಬದಿಯ ಚಕ್ರಕ್ಕೆ ಸರಪಳಿ ಕಟ್ಟಿ ಕೆಸರು ದಾಟುವ ರೂಢಿ ಮಲೆನಾಡಿಗೂ ಕೊಡಗಿಗೂ ಹೊಸತಲ್ಲ. ಆದರೆ ಆ ಓಡಾಟಕ್ಕೆ ಒಂದು ಕೆಲಸದ ನೆಪ ಇರುತ್ತಿತ್ತು. ಕೆಲಸ ಮುಗಿದರೆ ಓಡಾಟವೂ ಮುಗಿಯುತ್ತಿತ್ತು.

ಈಚಿನ ವರ್ಷಗಳಲ್ಲಿ ಕೆಸರೇ ಗುರಿಯಾಗಿದೆ. 2014ರಿಂದ ಗೋವಾದಲ್ಲಿ ರೈನ್‌ಫಾರೆಸ್ಟ್ ಚಾಲೆಂಜ್ ಎಂಬ ಮಳೆಗಾಲದ ಆಫ್‌ರೋಡ್ ಸ್ಪರ್ಧೆ ಮೊದಲಾಯಿತು. 2016ರಲ್ಲಿ ಇಸುಜು ವಿ-ಕ್ರಾಸ್, 2022ರಲ್ಲಿ ಟೊಯೋಟ ಹೈಲಕ್ಸ್ ಭಾರತದ ಮಾರುಕಟ್ಟೆಗೆ ಬಂದವು. ಪಿಕಪ್ ಎಂದರೆ ಸಾಹಸದ ವಾಹನವೆಂಬ ಚಿತ್ರ ಬೊಲೆರೊ ಓಡಿಸುವ ಹಳ್ಳಿಯ ಹುಡುಗನ ಮನಸ್ಸಿನಲ್ಲಿಯೂ ಮೂಡಿತು. ಆ ಹುಡುಗನನ್ನು ಹಳಿಯುವುದು ಈ ಬರಹದ ಉದ್ದೇಶವಲ್ಲ. ಸ್ವಂತ ಕೈಯಿಂದ ಗಾಡಿ ಬಿಚ್ಚಿ ಜೋಡಿಸುವ ಕೌಶಲ ಹಳ್ಳಿಗೆ ಆಸ್ತಿ. ಆ ಕೌಶಲ ಯಾವುದಕ್ಕೆ ದುಡಿಯಬೇಕು ಎಂಬುದಷ್ಟೇ ಇಲ್ಲಿಯ ಚರ್ಚೆ.

ಎತ್ತರದ ಲೆಕ್ಕ

ಲಿಫ್ಟ್ ಕಿಟ್ಟಿನ ಬಗ್ಗೆ ಇರುವ ದೊಡ್ಡ ಭ್ರಮೆಯೆಂದರೆ ಅದು ಇಡೀ ಗಾಡಿಯನ್ನು ನೆಲದಿಂದ ಮೇಲೆತ್ತುತ್ತದೆ ಎಂಬುದು. ಹಿಂಬದಿಯಲ್ಲಿ ಲೀಫ್ ಸ್ಪ್ರಿಂಗ್ ಮತ್ತು ಇಡಿಯ ಆಕ್ಸಲ್ ಇರುವ ಪಿಕಪ್‌ನಲ್ಲಿ ಅದು ಎತ್ತುವುದು ಚಾಸಿಯನ್ನು ಮತ್ತು ತೊಟ್ಟಿಯನ್ನು ಮಾತ್ರ. ಕಲ್ಲಿಗೆ ಮೊದಲು ತಾಗುವ ಡಿಫರೆನ್ಷಿಯಲ್ ಇದ್ದಲ್ಲಿಯೇ ಇರುತ್ತದೆ. ಅದು ಏರಬೇಕಾದರೆ ಟೈರು ದೊಡ್ಡದಾಗಬೇಕು. ಅಲ್ಲಿಯೂ ಟೈರಿನ ವ್ಯಾಸ 7 ಸೆಂಟಿಮೀಟರ್ ಹೆಚ್ಚಿದರೆ ದೊರೆಯುವುದು 3.5 ಸೆಂಟಿಮೀಟರ್ ಮಾತ್ರ.

ಇದಕ್ಕೆ ತೆರುವ ಬೆಲೆ ದೊಡ್ಡದು. ಎಡಬಲ ಚಕ್ರಗಳ ನಡುವೆ 1.4 ಮೀಟರ್ ಅಂತರವಿದ್ದು, ಗುರುತ್ವ ಕೇಂದ್ರ ನೆಲದಿಂದ 0.7 ಮೀಟರ್ ಎತ್ತರದಲ್ಲಿರುವ ಗಾಡಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ನಿಂತಲ್ಲಿಯೇ ಅಡ್ಡ ಇಳಿಜಾರಿನಲ್ಲಿ ಅದು ಮಗುಚುವುದು 45 ಡಿಗ್ರಿಯಲ್ಲಿ. ಕೇಂದ್ರ 10 ಸೆಂಟಿಮೀಟರ್ ಏರಿದರೆ ಆ ಕೋನ 41 ಡಿಗ್ರಿಗೆ ಇಳಿಯುತ್ತದೆ. ತೊಟ್ಟಿಯಲ್ಲಿ ಗೊಬ್ಬರದ ಚೀಲಗಳನ್ನು ಪೇರಿಸಿ ಕೇಂದ್ರ 1.1 ಮೀಟರಿಗೆ ಮುಟ್ಟಿದರೆ ಸುಮಾರು 32 ಡಿಗ್ರಿ. ಇದು ಕಾಗದದ ಮೇಲಿನ ಲೆಕ್ಕ. ಸ್ಪ್ರಿಂಗಿನ ವಾಲುವಿಕೆ, ಒಂದು ಚಕ್ರ ಗುಂಡಿಗಿಳಿಯುವುದು, ತಿರುವಿನ ವೇಗ ಸೇರಿದರೆ ನಿಜವಾದ ಮಿತಿ ಇನ್ನೂ ಬಹಳ ಕಡಿಮೆ. ಒಂದು ಕಡೆ ಧರೆ, ಇನ್ನೊಂದು ಕಡೆ ಕೊರಕಲು ಇರುವ ದಾರಿಯಲ್ಲಿ ಈ ಕೆಲವು ಡಿಗ್ರಿಗಳೇ ಜೀವ ಉಳಿಸುವಂಥವು.

ದೊಡ್ಡ ಟೈರಿಗೂ ಹೀಗೆಯೇ ಗುಟ್ಟಾದ ಖರ್ಚುಗಳಿವೆ. ವ್ಯಾಸ ಶೇಕಡಾ 10ರಷ್ಟು ಹೆಚ್ಚಿದರೆ ವೇಗಸೂಚಿ 50 ತೋರಿಸುವಾಗ ಗಾಡಿ 55ರಲ್ಲಿ ಓಡುತ್ತಿರುತ್ತದೆ. ಅದೇ ಬ್ರೇಕು ಅಷ್ಟೇ ಪ್ರಮಾಣದಲ್ಲಿ ಹೆಚ್ಚು ಶ್ರಮ ಪಡಬೇಕು. ಗೇರಿನ ಎಳೆತ ಕುಗ್ಗುವುದರಿಂದ ಏರಿನಲ್ಲಿ ಕ್ಲಚ್ ಸುಡುತ್ತದೆ. ಸ್ನಾರ್ಕೆಲ್ ಎಂಜಿನ್ನಿನೊಳಗೆ ನೀರು ಹೋಗದಂತೆ ತಡೆಯುತ್ತದೆ, ಹೊಳೆಯ ಸೆಳೆತವನ್ನಲ್ಲ. ಹರಿಯುವ ನೀರು ಒಂದಡಿ ಇದ್ದರೆ ಸಣ್ಣ ಕಾರನ್ನು ಕೊಂಡೊಯ್ಯಬಲ್ಲದು, ಎರಡಡಿ ಇದ್ದರೆ ಪಿಕಪ್ಪನ್ನೂ. ಸಂಕ ಮುಳುಗಿದ ಹಳ್ಳವನ್ನು ದಾಟಬಾರದೆಂಬ ಹಿರಿಯರ ಮಾತು ಸ್ನಾರ್ಕೆಲ್ ಹಾಕಿದ ಗಾಡಿಗೂ ಅನ್ವಯಿಸುತ್ತದೆ.

ಮಣ್ಣಿನ ಲೆಕ್ಕ

ಒಣಗಿದ ಮಣ್ಣು ಚಕ್ರದ ಭಾರವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಹದವಾಗಿ ನೆನೆದ ಮಣ್ಣು ತಾಳುವುದಿಲ್ಲ. ಕಣಗಳ ನಡುವಿನ ರಂಧ್ರಗಳು ಕುಸಿದು, ಗಾಳಿಯೂ ನೀರೂ ಇಳಿಯದ ಗಟ್ಟಿ ಪದರವೊಂದು ಉಂಟಾಗುತ್ತದೆ. ಬೇರು ಅದನ್ನು ಭೇದಿಸಲಾರದು. ಒಂದೇ ಜಾಗದಲ್ಲಿ ಹಲವು ಬಾರಿ ಓಡಾಡಿದಾಗ ಆಗುವ ಒಟ್ಟು ಹಾನಿಯಲ್ಲಿ ದೊಡ್ಡ ಪಾಲು ಮೊದಲ ಒಂದೆರಡು ಓಡಾಟದಲ್ಲಿಯೇ ಆಗಿಹೋಗುತ್ತದೆ ಎಂಬುದು ಮಣ್ಣುವಿಜ್ಞಾನದ ಮುಖ್ಯ ತಿಳಿವಳಿಕೆ. ಇದರ ಅರ್ಥ ಸ್ಪಷ್ಟ. ಹಳೆಯ ಜಾಡಿನಲ್ಲಿ ಹತ್ತು ಬಾರಿ ಹೋಗುವುದಕ್ಕಿಂತ ಬ್ಯಾಣದ ಹುಲ್ಲಿನ ಮೇಲೆ ಹತ್ತು ಹೊಸ ಜಾಡು ಮಾಡುವುದು ಬಹಳ ಹೆಚ್ಚು ವಿನಾಶಕಾರಿ.

ನಂತರದ ಕೆಲಸವನ್ನು ಮಳೆ ಮಾಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂಥ ಸೀಮೆಯಲ್ಲಿ ಇಳಿಜಾರಿಗೆ ನೇರವಾಗಿ ಬಿದ್ದ ಎರಡು ಚಕ್ರದ ಗೆರೆಗಳು ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ಎರಡು ಕಾಲುವೆಗಳಾಗುತ್ತವೆ. ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟು ಹೆಚ್ಚುತ್ತದೆ ಎಂಬುದು ಜಲವಿಜ್ಞಾನದ ಹಳೆಯ ಸೂತ್ರ. ತಲಾ 30 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಆಳದ ಎರಡು ಜಾಡುಗಳು ಒಂದು ಕಿಲೋಮೀಟರ್ ಉದ್ದಕ್ಕೆ ಕೊರೆದುಹೋದರೆ ನಷ್ಟವಾಗುವ ಮಣ್ಣು 90 ಘನ ಮೀಟರ್, ಅಂದರೆ ನೂರು ಟನ್ನಿಗೂ ಮಿಕ್ಕಿ. ಒಂದೂವರೆ ಟನ್ ಹೊರುವ ಪಿಕಪ್‌ನಲ್ಲಿ ಅದನ್ನು ಮರಳಿ ಗುಡ್ಡಕ್ಕೆ ಸಾಗಿಸಬೇಕಾದರೆ ಎಪ್ಪತ್ತಕ್ಕೂ ಹೆಚ್ಚು ಲೋಡು ಬೇಕು. ಸಾಗಿಸುವವರು ಯಾರೂ ಇಲ್ಲ. ಅದು ಗದ್ದೆಯ ಬದುವಿನಲ್ಲಿ, ಕೆರೆಯ ಹೂಳಿನಲ್ಲಿ, ತುಂಗೆ ಭದ್ರೆಯರ ಕೆಂಪು ನೀರಿನಲ್ಲಿ ಕಾಣಸಿಗುತ್ತದೆ.

ಶೋಲಾ ಹುಲ್ಲುಗಾವಲುಗಳ ಸ್ಥಿತಿ ಇನ್ನೂ ಸೂಕ್ಷ್ಮ. ಕುದುರೆಮುಖ, ಬಾಬಾಬುಡನ್‌ಗಿರಿ, ಪುಷ್ಪಗಿರಿಗಳ ನೆತ್ತಿಯ ಹುಲ್ಲುನೆಲ ಮಳೆನೀರನ್ನು ಹೀರಿ ನಿಧಾನವಾಗಿ ಕೆಳಗಿನ ಕಾಡಿಗೆ ಬಿಡುತ್ತದೆ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯೆಂದು ಗುರುತಿಸಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ 10 ಕರ್ನಾಟಕದಲ್ಲಿವೆ. ಹುಲ್ಲಿನ ಬೇರಿನ ಹೊದಿಕೆ ಹರಿದಲ್ಲಿ ಹುಲ್ಲು ಸುಲಭವಾಗಿ ಮರಳುವುದಿಲ್ಲ. ಅಲ್ಲಿ ಮೊದಲು ಬರುವುದು ಕಳೆಗಿಡ.

ತೋಟದವರು ನೆನಪಿಡಬೇಕಾದ ಇನ್ನೊಂದು ಅಂಶವಿದೆ. ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೆ ಕಾರಣವಾದ ಫೈಟಾಫ್ತೊರಾ ಮಣ್ಣಿನಲ್ಲಿ ಬದುಕುವ ಜೀವಿ. ಟೈರಿನ ಆಳವಾದ ಹಲ್ಲುಗಳಲ್ಲಿ ಸಿಕ್ಕಿಕೊಂಡ ಒದ್ದೆ ಮಣ್ಣು ರೋಗ ಬಿದ್ದ ತೋಟದಿಂದ ಆರೋಗ್ಯವಂತ ತೋಟಕ್ಕೆ ಅದನ್ನು ಹೊತ್ತು ತರಬಲ್ಲದು. ಪಾರ್ಥೇನಿಯಂ, ಯುಪಟೋರಿಯಂ ಬೀಜಗಳಿಗೂ ಅದೇ ಸವಾರಿ. ಭಾನುವಾರ ಬೇರೆ ಊರಿನ ಕೆಸರಿನಲ್ಲಿ ಆಡಿದ ಗಾಡಿ ಸೋಮವಾರ ಸ್ವಂತ ತೋಟಕ್ಕೆ ಇಳಿಯುವ ಮುನ್ನ ಚಕ್ರ ತೊಳೆಯುವುದು ಬೋರ್ಡೋ ಸಿಂಪರಣೆಯಷ್ಟೇ ಮುಖ್ಯ.

ಕಾನೂನು ಏನೆನ್ನುತ್ತದೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಇಂಥ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿತು. ಬುಲ್ ಬಾರ್ ಕಾನೂನುಬಾಹಿರವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ತಿಳಿಸಿತ್ತು. ಅದು ಪಾದಚಾರಿಗೆ ಮಾರಕ, ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಒಳಗಿರುವವರಿಗೂ ಅಪಾಯಕಾರಿ. ಸಾಲದ ಕಂತು ಬಾಕಿಯಿರುವ ಗಾಡಿ ಅಪಘಾತಕ್ಕೀಡಾದಾಗ, ನಿಯಮ ಮೀರಿದ ಬದಲಾವಣೆಯ ಕಾರಣಕ್ಕೆ ವಿಮೆಯ ಹಣಕ್ಕೆ ತಕರಾರು ಬಂದರೆ ಆ ಹೊರೆ ಬೀಳುವುದು ಒಡವೆ ಅಡವಿಟ್ಟ ಮನೆಯ ಮೇಲೆ.

ಹಾಗಾದರೆ ಮಾಡಬೇಕಾದದ್ದೇನು?

ಮೊದಲ ಗಾಡಿಗೆ ಮೊದಲ ಖರ್ಚು ಗಾಳಿಯ ಒತ್ತಡ ಅಳೆಯುವ ಮಾಪಕ ಮತ್ತು ಒಂದು ಪಂಪು. ಟೈರು ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಖಾಲಿ ಗಾಡಿಯಲ್ಲಿ, ಕೆಸರಿನ ತುಣುಕು ದಾರಿಯಲ್ಲಿ, ನಿಧಾನ ವೇಗದಲ್ಲಿ ಗಾಳಿಯನ್ನು 20 ಪೌಂಡಿನವರೆಗೆ ಇಳಿಸಿದರೆ ಟೈರು ಉದ್ದಕ್ಕೆ ಹರಡಿಕೊಂಡು ಹಿಡಿತ ಹೆಚ್ಚುತ್ತದೆ, ಮಣ್ಣಿನ ಗಾಯ ಕಡಿಮೆಯಾಗುತ್ತದೆ. ಡಾಂಬರು ರಸ್ತೆಗೆ ಬರುವ ಮುನ್ನ ಗಾಳಿ ತುಂಬಲೇಬೇಕು. ಪೂರ್ಣ ಲೋಡಿನಲ್ಲಿ ಇಳಿಸಲೇಬಾರದು. ಸಾವಿರಾರು ರೂಪಾಯಿಯ ಅಗಲ ಟೈರು ಕೊಡದ ಲಾಭವನ್ನು ಈ ಸರಳ ಅಭ್ಯಾಸ ಕೊಡುತ್ತದೆ.

ಎರಡನೆಯದು, ತಯಾರಕರು ಸೂಚಿಸಿದ ಅಳತೆಯಲ್ಲಿಯೇ ದೊರೆಯುವ ಗಟ್ಟಿ ಟೈರು. ಮೂರನೆಯದು, ಹೂತುಹೋದಾಗ ಎಳೆಯಲು ಚಾಸಿಗೆ ಭದ್ರವಾಗಿರುವ ಕೊಕ್ಕೆ, ಒಳ್ಳೆಯ ಹಗ್ಗ, ಸಲಿಕೆ, ನಾಲ್ಕು ಹಲಗೆ. ಹೊಸ ಗಾಡಿ ಕೊಳ್ಳುವವರು ನಾಲ್ಕು ಚಕ್ರದ ಎಳೆತವಿರುವ ಅಥವಾ ಡಿಫರೆನ್ಷಿಯಲ್ ಲಾಕ್ ಇರುವ ಮಾದರಿಯನ್ನು ಕಾರ್ಖಾನೆಯಿಂದಲೇ ಆರಿಸಿಕೊಳ್ಳುವುದು ಲೇಸು. ಒಂದು ಚಕ್ರ ತಿರುಗಿ ತಿರುಗಿ ನೆಲ ತೋಡುವುದನ್ನು ಅವು ತಪ್ಪಿಸುತ್ತವೆ. ಇಷ್ಟಾದ ಮೇಲೂ ಹೋಗಲಾಗದ ದಾರಿ ಇದ್ದರೆ ಆ ದಿನ ಅಲ್ಲಿಗೆ ಹೋಗಬಾರದೆಂದೇ ತಿಳಿಯಬೇಕು.

ಗಾಡಿಗಿಂತ ಹೆಚ್ಚು ಮಾರ್ಪಾಡು ಬೇಕಾಗಿರುವುದು ದಾರಿಗೆ. ಏರಿನ ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಅಲ್ಲಲ್ಲಿ ಅಗಳು ತೋಡಿ ನೀರನ್ನು ಪಕ್ಕದ ಹುಲ್ಲಿಗೆ ಬಿಟ್ಟರೆ ಅದು ವೇಗ ಪಡೆಯುವುದಿಲ್ಲ. ಏರು ಕಡಿದಾದಷ್ಟೂ ಅಗಳುಗಳು ಹತ್ತಿರವಿರಬೇಕು. ಚಕ್ರ ಹಾಯುವ ಎರಡು ಪಟ್ಟಿಗಳಿಗೆ ಮಾತ್ರ ಕಲ್ಲು ಹಾಸಿ ನಡುವೆ ಹುಲ್ಲು ಉಳಿಸಿಕೊಳ್ಳಬಹುದು. ಒಂದು ಲಿಫ್ಟ್ ಕಿಟ್ಟಿನ ಹಣದಲ್ಲಿ ಹತ್ತು ಮನೆಯವರಿಗೆ ಉಪಯೋಗವಾಗುವ ಇಂಥ ಕೆಲಸದ ಬಹುಭಾಗ ನಡೆದೀತು.

ಊರಿನ ಹೊಣೆ

ಕೊಡಚಾದ್ರಿ, ಮಾಂದಲಪಟ್ಟಿಗಳ ಜೀಪುದಾರಿಗಳಲ್ಲಿ ಸ್ಥಳೀಯ ಚಾಲಕರು ಅನ್ನ ಸಂಪಾದಿಸುತ್ತಾರೆ. ಅವರ ದುಡಿಮೆಯನ್ನೂ ಹುಲ್ಲುಗಾವಲಿನ ಮೇಲೆ ಮೋಜಿಗಾಗಿ ಗಾಡಿ ಹತ್ತಿಸುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಎರಡಕ್ಕೂ ಒಂದು ಮಿತಿ ಬೇಕು, ಆ ಮಿತಿಯನ್ನು ಊರೇ ನಿಗದಿ ಮಾಡಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಜಲಮೂಲಗಳನ್ನು ರಕ್ಷಿಸುವ ಅಧಿಕಾರವನ್ನು ಹಕ್ಕುದಾರರಿಗೂ ಗ್ರಾಮಸಭೆಗೂ ನೀಡಿದೆ. ಯಾವ ದಾರಿ ಗಾಡಿಗೆ, ಯಾವುದು ಕಾಲ್ನಡಿಗೆಗೆ, ಮಳೆಗಾಲದಲ್ಲಿ ಯಾವುದನ್ನು ಮುಚ್ಚಬೇಕು, ಅಬ್ಬಿಯ ಮೇಲ್ಭಾಗದಲ್ಲಿ ಎಲ್ಲಿಯವರೆಗೆ ಚಕ್ರ ಬರಬಾರದು ಎಂಬುದನ್ನು ಗ್ರಾಮಸಭೆ ಚರ್ಚಿಸಿ ನಿರ್ಣಯಿಸಲಿ. ಹೊರಗಿನ ಸ್ಪರ್ಧೆಗೆ ಬ್ಯಾಣ, ಕಾನು, ಸೊಪ್ಪಿನಬೆಟ್ಟಗಳನ್ನು ಬಿಟ್ಟುಕೊಡುವ ಮುನ್ನ ಕೆಳಗಿನ ಗದ್ದೆಯವರ ಒಪ್ಪಿಗೆ ಕೇಳಲಿ.

ಕಾಲೇಜು ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಊರಿನ ಒಂದು ಏರುದಾರಿಯನ್ನು ಆರಿಸಿಕೊಂಡು ಮಳೆಗೆ ಮೊದಲು ಮತ್ತು ಮಳೆಯ ನಂತರ ಜಾಡಿನ ಅಗಲ, ಆಳ, ಉದ್ದಗಳನ್ನು ಅಳತೆ ಟೇಪಿನಿಂದ ಅಳೆದು ಬರೆದಿಡಲಿ. ಮೂರು ಮಳೆಗಾಲದ ಅಂಥ ದಾಖಲೆ ಗ್ರಾಮಸಭೆಯ ಮುಂದೆ ಯಾವ ಭಾಷಣಕ್ಕಿಂತಲೂ ಗಟ್ಟಿಯಾಗಿ ಮಾತನಾಡುತ್ತದೆ. ಗಾಡಿ ಬಿಚ್ಚಿ ಜೋಡಿಸಬಲ್ಲ ತರುಣರು ಆ ಅಳತೆಗೆ ಜೊತೆಯಾದರೆ ಇನ್ನೂ ಒಳ್ಳೆಯದು. ಗುಡ್ಡದ ಯಾವ ತಿರುವಿನಲ್ಲಿ ಚಕ್ರ ಜಾರುತ್ತದೆ, ಎಲ್ಲಿ ನೀರು ದಾರಿಗೆ ನುಗ್ಗುತ್ತದೆ ಎಂಬುದು ಅವರಷ್ಟು ಚೆನ್ನಾಗಿ ಬೇರೆಯವರಿಗೆ ತಿಳಿದಿರಲಾರದು.