ಒಂದೇ ನಡೆ, ಹಲವು ಕೊರಳು

ಹೋದ ರವಿವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮೊಬೈಲಿನಲ್ಲಿ ಜಮೈಕಾ ದ್ವೀಪದ ಎರಡು ರೆಗೆ ಹಾಡು ಕೇಳಿಸಿದ. ಹಾಡುವವರು ಬೇರೆ, ಮಾತು ಬೇರೆ. ಹಿಂದಿನ ಬಾಜಾ ಮಾತ್ರ ಒಂದೇ. “ಇದು ಕಳವು ಅಲ್ಲೇನ್ರಿ ಸರ್?” ಎಂದ.

ಅಲ್ಲಿ ಇಂಥ ಬಾಜಾಕ್ಕೆ ‘ರಿಡಿಮ್’ ಎನ್ನುತ್ತಾರೆ. 1967ರಲ್ಲಿ ಕಿಂಗ್‌ಸ್ಟನ್ನಿನ ಸ್ಟುಡಿಯೋ ಒನ್‌ನಲ್ಲಿ ಸೌಂಡ್ ಡೈಮೆನ್ಶನ್ ಎಂಬ ಮೇಳ ‘ರಿಯಲ್ ರಾಕ್’ ನುಡಿಸಿತು. ಅದು ಬರೀ ವಾದ್ಯ. ಮುಂದೆ ಅದರ ಮೇಲೆ ವಿಲ್ಲಿ ವಿಲಿಯಮ್ಸ್ ಒಂದು ಹಾಡು ಕಟ್ಟಿದರು, ಮಿಚಿಗನ್ ಮತ್ತು ಸ್ಮೈಲಿ ಜೋಡಿ ಇನ್ನೊಂದು. ಹಾಡು ಹಾಡಿದವರದು, ನಡೆ ಎಲ್ಲರದು.

“ಕಳವಲ್ಲಪ್ಪ, ನಮ್ಮ ಮಾನ್ವಿಯಲ್ಲೂ ಇಂಥದ್ದೇ ನಡೆದೈತಿ” ಎಂದೆ. ಮಾನ್ವಿಯ ಜಗನ್ನಾಥದಾಸರು (1728–1809) ಹರಿಕಥಾಮೃತಸಾರ ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. ಅವರಿಗಿಂತ ಮೂರು ಶತಮಾನ ಮೊದಲೇ ಗದುಗಿನ ಕುಮಾರವ್ಯಾಸ ಭಾರತವನ್ನು, ಚಾಮರಸ ಪ್ರಭುಲಿಂಗಲೀಲೆಯನ್ನು ಅದೇ ಷಟ್ಪದಿಯಲ್ಲಿ ಬರೆದಿದ್ದರು. ಲೆಕ್ಕದ ಮೇಷ್ಟ್ರ ಹಾಗೆ ಹೇಳುವುದಾದರೆ, ಮೂರು–ನಾಲ್ಕು ಮಾತ್ರೆಗಳ ನಡೆ. ನಾಲ್ಕು ಸಾಲಿಗೆ 14ರಂತೆ 56, ಮೂರನೆಯ ಮತ್ತು ಆರನೆಯ ಸಾಲಿಗೆ 23ರಂತೆ 46. ಒಟ್ಟು 102 ಮಾತ್ರೆ. ಒಂದನ್ನು ಹಾಡಬಲ್ಲವನು ಉಳಿದವನ್ನೂ ಅದೇ ಧಾಟಿಯಲ್ಲಿ ಹಾಡಬಹುದು. ವೈಷ್ಣವರ ಗ್ರಂಥ, ವೀರಶೈವರ ಪುರಾಣ ಎಂಬ ಭೇದ ಮಾತ್ರೆಗಿಲ್ಲ.

ಆದರೆ ಮಾತ್ರೆ ಎಣಿಸಿದರೆ ಧಾಟಿ ಬರುವುದಿಲ್ಲ, ಇದು ನನ್ನ ಅನುಭವ. ನಮ್ಮವ್ವ ನಸುಕಿನಲ್ಲಿ ಬೀಸುತ್ತ ಹರಿಕಥಾಮೃತಸಾರ ಹಾಡುತ್ತಿದ್ದಳು. ಆಕೆ ಹೋದ ಮೇಲೆ ಪುಸ್ತಕ ನನ್ನ ಪಾಲಿಗೆ ಬಂತು. ಅಕ್ಷರವೆಲ್ಲ ಅದರಲ್ಲಿದೆ, ಆಕೆಯ ಧಾಟಿ ಇಲ್ಲ. ಎಷ್ಟೋ ಸಲ ಬಾಯಿಬಿಟ್ಟು ಓದಿದೆ. ಪಾಠ ಒಪ್ಪಿಸಿದಂತಾಯಿತೇ ಹೊರತು ಹಾಡಾಗಲಿಲ್ಲ. ಜಮೈಕಾದವರು ತಮ್ಮ ನಡೆಯನ್ನು 1967ರಲ್ಲೇ ಟೇಪಿಗೆ ಹಾಕಿಟ್ಟರು. ಬಿಎಸ್ಸಿ ಓದಿ, ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡಿದ್ದ ನಾನು ಅದರಲ್ಲಿ ಸಿನೆಮಾ ಹಾಡು ಕೇಳಿದೆ.

ಹುಡುಗ ಸುಮ್ಮನೆ ಕೂಡಲಿಲ್ಲ. “ಮತ್ಯಾರಿಗೂ ಗೊತ್ತಿಲ್ಲೇನ್ರಿ?” ಎಂದ. ನಮ್ಮ ಓಣಿಯಲ್ಲಿ ಎಂಬತ್ತು ದಾಟಿದ ಅಜ್ಜ ಒಬ್ಬರಿದ್ದಾರೆ. ಹಿಂದೆ ಶ್ರಾವಣದಲ್ಲಿ ಮಠದೊಳಗೆ ಪ್ರಭುಲಿಂಗಲೀಲೆ ಓದುತ್ತಿದ್ದವರು. ಇಬ್ಬರೂ ಹೋಗಿ ಕೂತೆವು. ಅಜ್ಜ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಒಂದು ಪದ್ಯ ಎತ್ತಿದರು. ಮೂರನೆಯ ಸಾಲಿನ ಕೊನೆಗೆ ದನಿ ಎಳೆದು ಇಳಿಸಿದಾಗ ನನ್ನ ಮೈ ಜುಮ್ಮೆಂದಿತು. ಅದು ನಮ್ಮವ್ವನ ಇಳಿತ! ಆಕೆ ಅಜ್ಜನಿಂದ ಕಲಿತಳೋ, ಅಜ್ಜ ಆಕೆಯಿಂದಲೋ, ಇಬ್ಬರೂ ಇನ್ನೊಬ್ಬರಿಂದಲೋ, ಕೇಳಿದರೆ ಅಜ್ಜ ನಕ್ಕರು. “ಊರಾಗಿಂದು ತಮ್ಮಾ” ಎಂದರು.

ಈ ಸಲ ಮೊಬೈಲಿನಲ್ಲಿ ದಾಖಲಿಸಿಕೊಂಡೆವು. ನಿಮ್ಮ ಓಣಿಯಲ್ಲೂ ಇಂಥ ಒಬ್ಬ ಅಜ್ಜ, ಒಬ್ಬ ಅಮ್ಮ ಇದ್ದಾರು. ಮುಂದಿನ ರವಿವಾರದವರೆಗೆ ಕಾಯಬೇಡಿ.