ಗುಂಡಿ ಒತ್ತುವವರೆಗೆ ಕನ್ನಡ, ತಪ್ಪಾದ ಮೇಲೆ ಇಂಗ್ಲಿಷ್

ಕಳೆದ ವಾರ ಪಕ್ಕದ ಮನೆಯ ದೊಡ್ಡಪ್ಪ ಫೋನ್ ಹಿಡಿದುಕೊಂಡು ಬಂದರು. ಒಂದು ಯೋಜನೆಗೆ ಅರ್ಜಿ ಹಾಕುತ್ತಿದ್ದರು. ಮೇಲೆ 'ಅರ್ಜಿದಾರರ ಹೆಸರು', ಕೆಳಗೆ 'ಸಲ್ಲಿಸಿ', ಎಲ್ಲಾ ಚಂದದ ಕನ್ನಡ. 'ಸಲ್ಲಿಸಿ' ಒತ್ತಿದ ಕೂಡಲೇ ಕೆಂಪು ಅಕ್ಷರದಲ್ಲಿ ಒಂದು ಸಾಲು ಇಂಗ್ಲಿಷ್: 'ನೇಮ್ ಮಿಸ್‌ಮ್ಯಾಚ್'. ನೆಟ್‌ವರ್ಕ್ ಸಿಗುತ್ತಿಲ್ಲ ಅಂದುಕೊಂಡು ಅವರು ಮೂರು ದಿನ ಮಾಳಿಗೆ ಹತ್ತಿ ಒತ್ತಿದ್ದೇ ಒತ್ತಿದ್ದು. ವಿಷಯ ಇಷ್ಟೇ: ಆಧಾರ್‌ನಲ್ಲಿ ಇನಿಶಿಯಲ್ ಇದೆ, ಪಹಣಿಯಲ್ಲಿ ಇಲ್ಲ. ಕನ್ನಡದಲ್ಲಿ ಹೇಳಿದ್ದರೆ ಮೊದಲ ದಿನವೇ ನಾಡಕಚೇರಿಗೆ ಹೋಗುತ್ತಿದ್ದರು. ಈಗ ಕೊನೆ ದಿನಾಂಕ ಮುಗಿದಿದೆ.

ಯಾಕೆ ಹೀಗೆ? ಕಣ್ಣಿಗೆ ಕಾಣುವ ಪುಟವನ್ನು ಅನುವಾದ ಮಾಡಿಸುತ್ತಾರೆ. ಉದ್ಘಾಟನೆಯ ದಿನ ತೋರಿಸುವುದು ಅದನ್ನೇ ತಾನೆ! ಆದರೆ ತಪ್ಪಾದಾಗ ಬರುವ ಮಾತು ದೂರದ ಸರ್ವರ್‌ನಿಂದ ಬರುತ್ತದೆ. ಪ್ರೋಗ್ರಾಂ ಬರೆದವರು ತಮಗೆ ಅರ್ಥವಾಗಲಿ ಅಂತ ಬರೆದುಕೊಂಡ ಇಂಗ್ಲಿಷ್ ಸಾಲು ನೇರವಾಗಿ ನಮ್ಮ ಅಂಗೈಗೆ ಬಂದು ಬೀಳುತ್ತದೆ.

'ಕಷ್ಟ' ಅನ್ನುತ್ತಾರೆ. ಸುಳ್ಳು. ಸರ್ವರ್ ವಾಕ್ಯದ ಬದಲು ಒಂದು ನಂಬರ್ ಕಳಿಸಿದರೆ ಸಾಕು, ಆ ನಂಬರಿಗೆ ಸರಿಯಾದ ಕನ್ನಡ ವಾಕ್ಯವನ್ನು ಪುಟವೇ ತೋರಿಸುತ್ತದೆ. ನಿಮ್ಮ ಫೋನಿನ ಬ್ರೌಸರ್ ಪ್ರತಿ ಸಲವೂ 'ಈ ಬಳಕೆದಾರರ ಭಾಷೆ ಇದು' ಅಂತ ಸರ್ವರ್‌ಗೆ ಹೇಳುತ್ತದೆ, ಕೇಳಿಸಿಕೊಳ್ಳಬೇಕು ಅಷ್ಟೇ. ಅನುವಾದಗಳನ್ನು ಪಟ್ಟಿ ಮಾಡಿಡುವ ಗ್ನೂ ಗೆಟ್‌ಟೆಕ್ಸ್ಟ್ ಎಂಬ ಸಾಧನ 1995ರಿಂದಲೂ ಬಿಟ್ಟಿ ಸಿಗುತ್ತಿದೆ.

'ಕನ್ನಡ ಎಸ್ಸೆಮ್ಮೆಸ್ ದುಬಾರಿ' ಅನ್ನುವ ಇನ್ನೊಂದು ನೆಪವಿದೆ. ಇದರಲ್ಲಿ ಸ್ವಲ್ಪ ನಿಜವಿದೆ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ, ಅದೂ ಒತ್ತು, ಕೊಂಬುಗಳನ್ನೂ ಸೇರಿಸಿ. ಸರಿ, ಚಿಕ್ಕದಾಗಿ ಬರೆಯಿರಿ. ಆದರೆ ವೆಬ್ ಪುಟಕ್ಕೆ ಆ ಮಿತಿ ಎಲ್ಲಿದೆ?

ಇನ್ನು ಕೆಲವರು ತುಂಡು ತುಂಡಾಗಿ ಅನುವಾದಿಸಿ ಯಂತ್ರದಿಂದ ಜೋಡಿಸುತ್ತಾರೆ. ಆಗ 'ಗೌರಮ್ಮ ಗೆ 1 ದಾಖಲೆಗಳು ಬಾಕಿ' ಅಂತ ಬರುತ್ತದೆ. ನಮ್ಮಲ್ಲಿ ವಿಭಕ್ತಿ ಹೆಸರಿಗೆ ಅಂಟಿಕೊಳ್ಳುತ್ತದೆ, ಕ್ರಿಯಾಪದ ಕೊನೆಗೆ ಬರುತ್ತದೆ. ಅದಕ್ಕೆ ಇಡೀ ವಾಕ್ಯವನ್ನೇ ಅನುವಾದಕರ ಕೈಗೆ ಕೊಡಬೇಕು. ಅವರು 'ಹೆಸರು: ಗೌರಮ್ಮ. ಒಂದು ದಾಖಲೆ ಬಾಕಿ ಇದೆ' ಅಂತ ಸಲೀಸಾಗಿ ಬರೆಯುತ್ತಾರೆ. 'ಸೆಷನ್ ಅವಧಿ ಮುಕ್ತಾಯಗೊಂಡಿದೆ' ಅನ್ನುವ ಪಂಡಿತರ ಕನ್ನಡವೂ ಬೇಡ. 'ಬಹಳ ಹೊತ್ತು ಏನೂ ಒತ್ತಿಲ್ಲ, ಮತ್ತೆ ಲಾಗಿನ್ ಆಗಿ' ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಕನ್ನಡವನ್ನು ಆಡಳಿತ ಭಾಷೆ ಮಾಡುವ ಕಾನೂನು ಬಂದದ್ದು 1963ರಲ್ಲಿ. ಎಲ್ಲ ಸರಿ ಇದ್ದಾಗ 'ಸ್ವಾಗತ' ಅನ್ನುವುದಕ್ಕಷ್ಟೇ ಕನ್ನಡವಾದರೆ ಅದು ಆಡಳಿತ ಭಾಷೆ ಅಲ್ಲ, ಬಾಗಿಲಿನ ತೋರಣ. ಎಡವಿದವನಿಗೆ ಎಲ್ಲಿ ಎಡವಿದೆ ಅಂತ ಅವನ ಮಾತಿನಲ್ಲೇ ಹೇಳಬೇಕು.

ಇನ್ನು ಮುಂದೆ ಅಂಥ ಕೆಂಪು ಸಾಲು ಕಂಡರೆ ನಾಚಿಕೆಪಟ್ಟು ಫೋನ್ ಮುಚ್ಚಬೇಡಿ. ಸ್ಕ್ರೀನ್‌ಶಾಟ್ ತೆಗೆಯಿರಿ, ಆ ಕಚೇರಿಗೇ ಕಳಿಸಿ, 'ಇದನ್ನು ಕನ್ನಡದಲ್ಲಿ ಹೇಳಿ' ಅಂತ ಕೇಳಿ. ಓದಲು ಬಾರದ್ದು ನಿಮ್ಮ ತಪ್ಪಲ್ಲ, ಬರೆದವರದ್ದು.